ಮುಂದಿನ ಕಾಚಿಗೆ ಖಡಿ ಬಡದು ಗೆರಿ ಬಿದ್ದದ, ರಿಪೇರಿ ಆಗ್ತದೋ ಹೊಸಾದೇ ಹಾಕ್ಸಬೇಕೋ?

ಓದುಗರ ಪ್ರಶ್ನೆ: "ನಾ ಕಲಬುರಗಿಯಾಂವ, ಸೇಡಂನಾಗ ಮಾಸ್ತರ್ ಇದೀನಿ, ದಿನಾ ಕಾರ್‌ನ್ಯಾಗ ಹೋಗಿ ಬರ್ತೀನಿ. ಮೂರು ವಾರದ ಹಿಂದ ಮಳಖೇಡ ದಾಟಿದ ಮ್ಯಾಲ ಮುಂದಿದ್ದ ಲಾರಿ ಟಾಯರಿಂದ ಖಡಿ ಸಿಡದು ಗ್ಲಾಸಿಗೆ ಬಡೀತು, ಪಕ್ಕದ ಸೀಟಿನ ಕಡಿ, ಕೆಳಗ. ಅವಾಗ ಎಂಟಾಣೆಷ್ಟು ಚುಕ್ಕಿ ಇತ್ತು, ಬಿಡು ಅಂತ ಬಿಟ್ಟೆ. ಗೆಳೆಯರೊಬ್ಬರು ಕ್ವಿಕ್ ಗಮ್ ಹಾಕು ನಿಂದರ್ತದ ಅಂದ್ರು, ಹಾಕ್ದೆ. ಹೋದ ವಾರ ಸಾಲಿ ಬಿಟ್ಟ ಮ್ಯಾಲ ಬಿಸಲಾಗ ನಿಂತಿದ್ದ ಗಾಡಿ ಚಾಲೂ ಮಾಡಿ ಎಸಿ ಫುಲ್ ಇಟ್ಟೆ, ಕಣ್ಣ ಮುಂದನ ಟಕ್ ಅಂತ ಸಪ್ಪಳಾಗಿ ನಾಕು ಬೆರಳು ಗೆರಿ ಓಡ್ತು. ಈಗ ಅಂಚಿಗೆ ಎರಡು ಬೆರಳು ಉಳದದ. ಪಕ್ಕದಾಗ ಮನಿಯಾಕಿ ಕೂಡ್ತಾಳ, ಕಾಚು ಒಡದು ಮಾರಿ ಮ್ಯಾಲ ಬಿದ್ರ ಹ್ಯಾಂಗ ಅಂತ ಅಂಜಿಕಿ. ಶೋರೂಮ್‌ನಾಗ 11,000 ಅಂತಾರ, ಹೊರಗ ಒಬ್ಬಾಂವ 5,000ಕ್ಕ ಒಂದ್ ತಾಸಿನಾಗ ಕೊಡ್ತೀನಿ ಅಂತಾನ. ಕಂಪನಿ ಫಿಟಿಂಗ್ ಒಮ್ಮಿ ಬಿಚ್ಚಿದ್ರ ಮತ್ತ ಹಂಗ ಕೂಡಂಗಿಲ್ಲ ಅಂತನೂ ಹೇಳ್ತಾರ. ಇನ್ಶೂರೆನ್ಸ್ ಎರಡು ತಿಂಗಳಾಗ ಮುಗೀತದ, ನೋ ಕ್ಲೇಮ್ ಬೋನಸ್ 35% ಅದ. ಏನ್ ಮಾಡ್ಲಿ?"

ಮಾಸ್ತರೆ, ಮೊದಲು ಉತ್ತರ ಹೇಳಿಬಿಡ್ತೀನಿ, ಆಮ್ಯಾಲ ಕಾರಣ. ನಿಮ್ ಕಾಚು ರಿಪೇರಿಗೆ ಸಿಗೂ ಹಂತ ದಾಟ್ಯದ, ಬದಲೀನೇ ಮಾಡಸ್ಬೇಕು. ಆದ್ರ ನೀವು ಅಂಜಿದ್ದು ಒಂದಕ್ಕ, ಅಂಜಬೇಕಾದ್ದು ಇನ್ನೊಂದಕ್ಕ. ಮಾರಿ ಮ್ಯಾಲ ಬೀಳ್ತದ ಅನ್ನೂ ಚಿಂತಿ ಬಿಡ್ರಿ, ಆ "ಒಂದ್ ತಾಸಿನಾಗ ಕೊಡ್ತೀನಿ" ಅನ್ನೂ ಮಾತಿಗೆ ಅಂಜ್ರಿ. ನಾ ಇಪ್ಪತ್ತು ವರ್ಷದ ಮ್ಯಾಲಾಯ್ತು ಇದೇ ಕೆಲಸ ಮಾಡ್ಕೋತ ಬಂದೀನಿ, ಗಿರಾಕಿ ಎಲ್ಲಾರೂ ಕಾಚಿನ ರೇಟ್ ಕೇಳ್ತಾರ, ಯಾವ ಅಂಟಿನಿಂದ ಕೂಡಸ್ತೀರಿ ಅಂತ ಕೇಳಿದವ್ರು ಕೈಬೆರಳಿನಾಗ ಎಣಸೂವಷ್ಟ.

ಕಾರಿನಾಗ ಎರಡು ನಮೂನಿ ಕಾಚು ಇರ್ತಾವ್ರಿ. ಬಾಗಲಾಗಿನ ಕಾಚು ಟಫನ್ ಮಾಡಿದ್ದು, ಒಡದ್ರ ಪೂರ್ತಿ ಕಲ್ಲಸಕ್ರಿ ಹಂಗ ಸಣ್ಣ ಸಣ್ಣ ಹರಳಾಗಿ ಉದುರ್ತದ. ಮುಂದಿಂದು ಹಂಗಲ್ಲ, ಅದು ಲ್ಯಾಮಿನೇಟೆಡ್, ಅಂದ್ರ ಸುಮಾರು 2 ಮಿಲಿಮೀಟರಿನ ಎರಡು ಕಾಚಿನ ಹಾಳಿ, ನಡುವ 0.76 ಮಿಲಿಮೀಟರಿನ ಒಂದು ಮೆತ್ತನ್ನ ಪ್ಲಾಸ್ಟಿಕ್ ಪದರ, ಪಿವಿಬಿ ಅಂತಾರ ಅದಕ್ಕ, ಮೂರೂ ಸೇರಿಸಿ ಶಾಖ ಒತ್ತಡ ಕೊಟ್ಟು ಒಂದ್ ಮಾಡಿರ್ತಾರ. ಕಲ್ಲು ಬಡದ್ರ ಒಡಿಯೂದು ಹೊರಗಿನ ಹಾಳಿ, ಚೂರು ಆ ಪದರಕ್ಕ ಹತಗೊಂಡೇ ಇರ್ತಾವ. ನಮ್ಮಲ್ಲಿ ಬಿಚ್ಚಿ ಹಾಕಿದ ಹಳೇ ಕಾಚು ಬಂದು ನೋಡ್ರಿ, ಜೇಡರ ಬಲಿ ಹಂಗ ಸೀಳಿದ್ರೂ ಒಣಗಿದ ಕಂಬಳಿ ಹಂಗ ಮಡಚ್ತದ ಹೊರತು ಉದುರಂಗಿಲ್ಲ. ನಮ್ ದೇಶದ ಮೋಟಾರು ವಾಹನ ನಿಯಮದಾಗೂ ಮುಂದಿಂದು ಲ್ಯಾಮಿನೇಟೆಡ್ಡೇ ಇರ್ಬೇಕು ಅಂತ ಅದ, 1989ರ ನಿಯಮಗಳು, 100ನೇ ನಿಯಮ. ಹಿಂಗಾಗಿ ನಿಮ್ಮ ಮನಿಯವ್ರಿಗೆ ಕಾಚು ಮಾರಿ ಮ್ಯಾಲ ಬೀಳೂ ಅಪಾಯ ಇಲ್ಲ. ಒಳಗಿನ ಕಡಿ ಉಗುರು ಆಡಸಿ ನೋಡ್ರಿ, ನುಣ್ಣಗ ಇದ್ರ ಒಳಗಿನ ಹಾಳಿ ಗಟ್ಟಿ ಅದ ಅಂತ ಅರ್ಥ.

ಹಂಗಾದ್ರ ಮೂರು ವಾರ ಸುಮ್ನಿದ್ದ ಚುಕ್ಕಿ ಅವತ್ತೇ ಯಾಕ ಓಡ್ತು? ಕಾಚು ಒತ್ತಿದ್ರ ತಡೀತದ, ಎಳದ್ರ ತಡಿಯಂಗಿಲ್ಲ. ಸಣ್ಣ ಗಾಯ ಇದ್ದಲ್ಲಿ ಎಳತ ಎಲ್ಲಾ ಬಂದು ಗಾಯದ ತುದಿಗೆ ಕೂಡ್ತದ. ನಮ್ ಕಲಬುರಗಿ ಬ್ಯಾಸಿಗಿ ನಿಮಗ ನಾ ಹೇಳಬೇಕಿಲ್ಲ, ನೆರಳಿನ್ಯಾಗ 42, 43 ಡಿಗ್ರಿ ಇರ್ತದ, ಮುಚ್ಚಿದ ಗಾಡಿಯ ಡ್ಯಾಶ್‌ಬೋರ್ಡ್ ಅಂತೂ ಕೈ ಇಡಾಕ ಬರಂಗಿಲ್ಲ, ಆ ಕಾದ ಕಾಚಿಗೆ ಕೆಳಗಿನ ಕಿಂಡಿಯಿಂದ ಎಸಿ ಗಾಳಿ ಸೀದಾ ಬಿದ್ರ ಆ ಜಾಗ ತಣ್ಣಗಾಗಿ ಕುಗ್ಗಬೇಕು ಅಂತದ, ಸುತ್ತಲಿನ ಬಿಸಿ ಕಾಚು ಬಿಡಂಗಿಲ್ಲ ಅಂತದ, ಈ ಎಳದಾಟದಾಗ ಗಾಯದ ತುದಿ ಹರೀತದ. ಲೆಕ್ಕ ಹಾಕಿದ್ರ 1.4 ಮೀಟರ್ ಅಗಲದ ಕಾಚಿಗೆ 50 ಡಿಗ್ರಿ ವ್ಯತ್ಯಾಸ ಆದ್ರ ಹಿಗ್ಗಾಟ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟ. ನೋಡಾಕ ಏನೂ ಅಲ್ಲ, ಒಡದ ಕಾಚಿಗೆ ಅದು ಭಾಳ ಆಯ್ತು. ಬಿಸಲಾಗ ನಿಂತ ಗಾಡಿಗೆ ತಣ್ಣೀರು ಸುರದು ತೊಳಿಯೂದೂ ಇದೇ ಕೆಲಸ ಮಾಡ್ತದ. ಅದರ ಮ್ಯಾಲ ಸ್ಪೀಡ್ ಬ್ರೇಕರ್‌ಗೆ ಒಂದು ಗಾಲಿ ಹತ್ತಿ ಬಾಡಿ ತಿರುಚಿದಾಗೂ ಗೆರಿ ಒಂದಿಷ್ಟು ಮುಂದ ಹೋಗ್ತದ.

ಆ ಮೊದಲನೇ ದಿನ, ಎಂಟಾಣೆ ಚುಕ್ಕಿ ಇದ್ದಾಗ ಬಂದಿದ್ರ ಅರ್ಧ ತಾಸಿನ ಕೆಲಸ ಇತ್ತು ಮಾಸ್ತರೆ. ರಿಪೇರಿ ಅಂದ್ರ ಏನು ಅಂತ ಭಾಳ ಮಂದಿಗೆ ಗೊತ್ತಿಲ್ಲ, ಮ್ಯಾಲಿಂದ ಏನೋ ಬಳಿತಾರ ಅನ್ಕೊಂಡಿರ್ತಾರ. ಹಂಗಲ್ರಿ. ಗಾಡಿ ಮೊದಲು ನೆರಳಿಗೆ ನಿಲ್ಲಸಿ ಕಾಚು ತಂಪಾಗಾಕ ಬಿಡ್ತೀವಿ, ಯಾಕಂದ್ರ ಕಾದ ಕಾಚಿನ ಮ್ಯಾಲ ಕೈ ಇಟ್ರ ಅಲ್ಲೇ ಓಡಬಹುದು. ಆಮ್ಯಾಲ ಸೂಜಿಯಿಂದ ಚುಕ್ಕಿಯೊಳಗಿನ ಪುಡಿ ತಗದು, ತೇವ ಇದ್ರ ಒಣಗಸಿ, ಅದರ ಮ್ಯಾಲ ಒಂದು ಸ್ಟ್ಯಾಂಡ್ ಕೂಡಸಿ ಒಳಗಿನ ಗಾಳಿ ಎಳದು ತಗೀತೀವಿ, ಆ ಖಾಲಿ ಜಾಗಕ್ಕ ತೆಳ್ಳನ ರೆಸಿನ್, ಅಂದ್ರ ಕಾಚಿನಂಗ ತಿಳಿ ಇರೂ ಅಂಟಿನ ದ್ರವ, ಒತ್ತತೀವಿ. ಒಳಗಿಂದ ನೋಡ್ಕೋತ ಕೂತ್ರ ಬೆಳ್ಳಿ ಹಂಗ ಹೊಳಿಯೂ ಗೆರಿ ತುದಿಯಿಂದ ಒಂದೊಂದ ಮಾಯ ಆಗ್ತಾ ಬರೂದು ಕಾಣ್ತದ. ಆ ಹೊಳಪು ಅಂದ್ರ ಸೀಳಿನಾಗಿನ ಗಾಳಿ. ರೆಸಿನ್‌ನಾಗ ಬೆಳಕು ಬಾಗೂದು ಹೆಚ್ಚುಕಡಿಮಿ ಕಾಚಿನಾಗ ಬಾಗಿದಂಗನ, ಅದಕ್ಕ ಗಾಳಿ ಹೋಗಿ ರೆಸಿನ್ ತುಂಬಿದ ಕೂಡ್ಲೇ ಕಣ್ಣಿಗೆ ಸೀಳು ಸಿಗಂಗಿಲ್ಲ. ಕಡೀಗೆ ಯುವಿ ಲೈಟ್, ಅಂದ್ರ ಅತಿನೇರಳೆ ಬೆಳಕು, ಹಿಡದು ಗಟ್ಟಿ ಮಾಡಿ, ಮ್ಯಾಲ ಉಳದಿದ್ದು ಬ್ಲೇಡಿನಿಂದ ಕೆರದು ಪಾಲಿಶ್. ಸೂರ್ಯನ ಬೆಳಕಿನಾಗೂ ಯುವಿ ಇರ್ತದ, ಹಿಂಗಾಗಿ ಬಿಸಲಾಗ ಕುಂತು ರಿಪೇರಿ ಮಾಡೂವನ ರೆಸಿನ್ ಒಳಗ ತುಂಬೂದಕಿಂತ ಮೊದಲ ಗಟ್ಟಿಯಾಗಿ ಬಿಡ್ತದ. ರಸ್ತೆ ಬಾಜೂಕ ಬಿಸಲಾಗೇ ಮಾಡಿಕೊಡ್ತೀನಿ ಅಂದ್ರ ಬ್ಯಾಡ ಅನ್ರಿ.

ಇಷ್ಟಾದ್ರೂ ಗುರುತು ಪೂರ್ತಿ ಹೋಗಂಗಿಲ್ಲ, ಸಣ್ಣ ಕಲಿ ಉಳೀತದ, ಯಾರಾದ್ರೂ ಪೂರ್ತಿ ಮಾಯ ಮಾಡ್ತೀನಿ ಅಂದ್ರ ಸುಳ್ಳು. ರಿಪೇರಿ ಇರೂದು ಸೀಳು ನಿಲ್ಲಸಾಕ, ಶಕ್ತಿ ವಾಪಸ್ ತರಾಕ. ಅದಕ್ಕ ಡ್ರೈವರ್ ಕಣ್ಣಿನ ಮುಂದಿನ ಜಾಗದಾಗ ಬಿದ್ದ ಗಾಯಕ್ಕ ನಾ ರಿಪೇರಿ ಮಾಡಂಗಿಲ್ಲ. ರಾತ್ರಿ ಜೇವರ್ಗಿ ರೋಡಿಗೆ ಎದರಿಂದ ಲಾರಿ ಹೈಬೀಮ್ ಹಾಕ್ಕೊಂಡು ಬಂದಾಗ ಆ ಸಣ್ಣ ಕಲಿ ಚಿಕ್ಕಿ ಹಂಗ ಹೊಳದು ಕಣ್ಣು ಕೋರೈಸ್ತದ, ಆ ಹೊತ್ತಿನಾಗ ದಾಟೂ ಮನಷ್ಯಾ ಕಾಣಂಗಿಲ್ಲ.

ನಿಮ್ದು ಯಾಕ ಆಗಂಗಿಲ್ಲ ಅಂದ್ರ, ಮುಖ್ಯ ಕಾರಣ ಆ ಕ್ವಿಕ್ ಗಮ್. ಗೆಳೆಯರು ಒಳ್ಳೇ ಮನಸಿಂದನ ಹೇಳ್ಯಾರ, ಆದ್ರ ಅದು ಸೀಳಿನ ಬಾಯಿ ಮುಚ್ಚಿ ಗಟ್ಟಿಯಾಗ್ತದ, ತುದೀತನಕ ಹೋಗಂಗಿಲ್ಲ, ಆಮ್ಯಾಲ ರೆಸಿನ್ ಹೋಗಾಕ ದಾರೀನೇ ಇರಂಗಿಲ್ಲ, ಕೆರದು ತಗಿಯಾಕೂ ಬರಂಗಿಲ್ಲ. ನೇಲ್ ಪಾಲಿಶ್, ಟೂತ್‌ಪೇಸ್ಟ್, ಎಲ್ಲಾ ಇದೇ ಕಥಿ. ಎರಡನೇದ್ದು ಅಂಚು. ಗೆರಿ ಅಂಚಿನಿಂದ 5 ಸೆಂಟಿಮೀಟರ್ ಒಳಗ ಬಂತು ಅಂದ್ರ ಅಲ್ಲಿ ಬಾಡಿಯ ಎಳತ ಎಲ್ಲಕ್ಕಿಂತ ಜಾಸ್ತಿ, ಇವತ್ತು ರೆಸಿನ್ ತುಂಬಿದ್ರೂ ಮುಂದಿನ ತಿಂಗಳು ಪಕ್ಕದಿಂದ ಹೊಸ ಸೀಳು ಹೊರಡ್ತದ. ನಿಮ್ದು ಎರಡು ಬೆರಳು ಉಳದದ. ಮೂರನೇದ್ದು ಧೂಳು, ಮೂರು ವಾರ ಸೇಡಂ ರೋಡಿನ ಸಿಮೆಂಟ್ ಧೂಳು ಒಳಗ ಕೂತದ. ಡ್ರಿಲ್ ಹಾಕಿ ತುದಿಗೆ ತೂತು ಮಾಡಿದ್ರ ಗೆರಿ ನಿಂದರ್ತದ ಅನ್ನೂದು ಪೂರ್ತಿ ಸುಳ್ಳಲ್ಲ, ಹೊರಗಿನ ಹಾಳಿಗೆ ಮಾತ್ರ ಸೂಜಿಯಷ್ಟು ತೂತು ಮಾಡಿ ರೆಸಿನ್ ತುಂಬೂ ಪದ್ಧತಿ ಅದ, ಆದ್ರ ಅದು ಕೈ ಪಳಗಿದವನ ಕೆಲಸ, ಮನಿ ಡ್ರಿಲ್ ತಗೊಂಡು ಹೋದ್ರ ಕಾಚು ಎರಡಾಗ್ತದ.

ಈಗ ನಾ ಹೇಳಬೇಕಾದ ಮುಖ್ಯ ಮಾತಿಗೆ ಬರ್ತೀನಿ.

ಅಂಬಾಸಿಡರ್ ಕಾಲದಾಗ ಮುಂದಿನ ಕಾಚು ರಬ್ಬರ್ ಬೀಡಿಂಗ್‌ನಾಗ ಕೂಡ್ತಿತ್ತು, ಹಗ್ಗ ಎಳದು ಕೂಡಸಿದ್ರ ಮುಗೀತು, ಗಾಡಿ ಹೊಡ್ಕೊಂಡು ಹೋಗಬಹುದಿತ್ತು. ಹಳೇ ಲಾರಿ ಬಸ್ಸಿನ್ಯಾಗ ಈಗೂ ನೋಡಬಹುದು. ಹಳೇ ಮಿಸ್ತ್ರಿಗಳ ತಲಿಯಾಗ "ಒಂದ್ ತಾಸು" ಅನ್ನೂ ಲೆಕ್ಕ ಬಂದಿದ್ದು ಅಲ್ಲಿಂದ. ಈಗಿನ ಕಾರಿನ ಕಾಚು ಬಾಡಿಗೆ ಅಂಟಸಿದ್ದು, ಪಿಯು ಅಂತೀವಿ ನಾವು, ಪಾಲಿಯುರೆಥೇನ್ ಅಂಟು. ಅಂಟಿದ ಮ್ಯಾಲ ಕಾಚು ಬಾಡಿಯ ಒಂದು ಭಾಗ. ಗಾಡಿ ಪಲ್ಟಿ ಹೊಡದಾಗ ಛಾವಣಿ ತಡಿಯೂದ್ರಾಗ ಅದರ ಪಾಲೂ ಅದ. ಪಕ್ಕದ ಸೀಟಿನ ಏರ್‌ಬ್ಯಾಗ್ ಭಾಳ ಗಾಡಿಗಳಾಗ ಡ್ಯಾಶ್‌ಬೋರ್ಡ್ ಮ್ಯಾಲಿಂದ ಎದ್ದು ಮೊದಲು ಕಾಚಿಗೆ ಬಡದು ಆಮ್ಯಾಲ ಮನಷ್ಯಾನ ಕಡಿ ತಿರುಗ್ತದ, ಅಂದ್ರ ಕಾಚು ಅದಕ್ಕ ಬೆನ್ನು ಕೊಡೂ ಗ್ವಾಡಿ. 2021ರ ಏಪ್ರಿಲ್‌ನಿಂದ ಹೊಸ ಮಾಡೆಲ್ ಕಾರುಗಳಿಗೆ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ ಆಗ್ಯದ, ನಿಮ್ ಗಾಡ್ಯಾಗೂ ಇರಬಹುದು. ಅಂಟು ಹಸಿ ಇದ್ದಾಗ ಅಪಘಾತ ಆದ್ರ ಏರ್‌ಬ್ಯಾಗ್ ಕಾಚನ್ನ ಹೊರಗ ದಬ್ಬಿ ತಾನೂ ಹೊರಗ ಹೋಗ್ತದ, ಮನಿಯಾಕಿ ಮುಂದ ಏನೂ ಉಳಿಯಂಗಿಲ್ಲ. ನಾ ಅಂಜ್ರಿ ಅಂದಿದ್ದು ಇದಕ್ಕ.

ಇದು ಬರೇ ಮಾತಲ್ರಿ, ಕಣ್ಣಾರೆ ಕಂಡೀನಿ. ಕೆಲವು ವರ್ಷದ ಹಿಂದ ಆಳಂದ ಕಡಿಯಿಂದ ಒಂದು ಗಾಡಿ ಬಂತು, ಮಳಿ ಬಂದ್ರ ಕಾಲ್ ಕೆಳಗ ನೀರು ನಿಂದರ್ತದ ಅಂತ ತಕರಾರು. ಆರು ತಿಂಗಳ ಹಿಂದ ಬ್ಯಾರೆ ಎಲ್ಲೋ ಕಾಚು ಹಾಕ್ಸಿದ್ರಂತ. ನಾ ಒಳಗ ಕೂತು ಮೂಲಿಗೆ ಎರಡು ಹೆಬ್ಬೆಟ್ಟು ಇಟ್ಟು ದಬ್ಬಿದೆ, ಜೋರಾಗೂ ಅಲ್ಲ, ಕಾಚು ಸುಮ್ನ ಎದ್ದು ಬಂತು. ಬಾತ್‌ರೂಮಿಗೆ ಬಳಸೂ ಸಿಲಿಕಾನ್ ಹಾಕಿದ್ರು, ಅದರ ಕೆಳಗ ಬಾಡಿ ಪೇಂಟ್ ಕೆರದಲ್ಲಿ ಪ್ರೈಮರ್, ಅಂದ್ರ ತುಕ್ಕು ತಡೀಲಿ ಅಂಟು ಹಿಡೀಲಿ ಅಂತ ಮೊದಲು ಹಚ್ಚೂ ಲೇಪ, ಇಲ್ದ ತುಕ್ಕು ಹಿಡದು ಹಪ್ಪಳ ಹಂಗ ಪದರ ಪದರ ಆಗಿತ್ತು. ಆ ಗಾಡ್ಯಾಗ ಆರು ತಿಂಗಳು ಒಂದು ಸಂಸಾರ ಹೈವೇ ಮ್ಯಾಲ ತಿರಗಾಡ್ಯದ. ಅವತ್ತು ಆ ಯಜಮಾನರ ಸಣ್ಣ ಹುಡುಗಿ ಹಿಂದಿನ ಸೀಟಿನಾಗ ಬಿಸ್ಕೀಟ್ ತಿನಕೋತ ಕೂತಿತ್ತು, ಆ ಚಿತ್ರ ನನಗ ಇನ್ನೂ ಹೋಗಿಲ್ಲ.

ಹಂಗಾದ್ರ ಸರಿಯಾದ ಕೆಲಸ ಹ್ಯಾಂಗಿರ್ತದ ಅಂದ್ರ, ಹಳೇ ಕಾಚು ತಂತಿ ಇಲ್ಲಾ ಬ್ಲೇಡ್ ಹಾಕಿ ಕೊಯ್ದು ತಗೀತಾರ, ಬಾಡಿ ಮ್ಯಾಲಿನ ಹಳೇ ಅಂಟನ್ನ ಪೂರ್ತಿ ಕೆರಿಯಂಗಿಲ್ಲ, ಒಂದೆರಡು ಮಿಲಿಮೀಟರ್ ಸಮ ಮಾಡಿ ಬಿಡ್ತಾರ, ಹೊಸಾ ಪಿಯು ಅದರ ಮ್ಯಾಲ ಛಲೋ ಹಿಡೀತದ. ಲೋಹಕ್ಕ ಗೀರು ಬಿದ್ದಲ್ಲಿ ಪ್ರೈಮರ್ ಹಚ್ಚಿ ಒಣಗಾಕ ಬಿಡ್ತಾರ, ಇದು ತಪ್ಪಿದ್ರ ಮ್ಯಾಲ ಹೇಳಿದ ತುಕ್ಕು. ಹೊಸಾ ಕಾಚಿನ ಕಪ್ಪು ಅಂಚು ಕ್ಲೀನರ್‌ನಿಂದ ಒರಸಿ ಅದಕ್ಕೂ ಪ್ರೈಮರ್, ಆಮ್ಯಾಲ ಬರಿಗೈಲೆ ಮುಟ್ಟಂಗಿಲ್ಲ, ಬೆವರಿನ ಎಣ್ಣಿ ಸಾಕು ಅಂಟು ಬಿಡಾಕ. ಅಂದಹಾಗ ಆ ಕಪ್ಪು ಅಂಚು ಚಂದಕ್ಕ ಇರೂದಲ್ಲ, ಬಿಸಿಲು ಬಿದ್ದು ಅಂಟು ಸಾಯಬಾರ್ದು ಅಂತ. ಆಮ್ಯಾಲ ತ್ರಿಕೋನ ಆಕಾರದಾಗ ಒಂದೇ ಎಳಿ ಪಿಯು ಎಲ್ಲೂ ತುಂಡಾಗದಂಗ ಸುತ್ತಲೂ ಎಳದು, ಸಕ್ಷನ್ ಕಪ್ ಹಿಡದು ಇಬ್ಬರು ಸೇರಿ ಒಮ್ಮಿಗೇ ಕೂಡಸ್ತಾರ, ಎತ್ತಿ ಎತ್ತಿ ಇಡಾಕ ಬರಂಗಿಲ್ಲ.

ಇಷ್ಟು ಮಾಡಾಕ ಒಂದೂವರಿ ಎರಡು ತಾಸು ಹಿಡೀತದ, ಖರೆ ಕಾಯೂದು ಆಮ್ಯಾಲ ಚಾಲೂ ಆಗ್ತದ. ಪಿಯು ಒಣಗೂದು ಬಿಸಿಲಿನಿಂದ ಅಂತ ನಮ್ ಕಡಿ ಎಲ್ಲಾರೂ ತಿಳಕೊಂಡಾರ. ಅದು ಗಟ್ಟಿಯಾಗೂದು ಗಾಳ್ಯಾಗಿನ ತೇವ ಹೀರಕೊಂಡು. 23 ಡಿಗ್ರಿ ಶಾಖ, 50% ತೇವ ಇದ್ದಾಗ ಸಾಮಾನ್ಯ ಪಿಯು ಒಂದು ದಿನಕ್ಕ ಗಟ್ಟಿಯಾಗೂದು 3, 4 ಮಿಲಿಮೀಟರ್ ಅಷ್ಟ. ನಮ್ ಏಪ್ರಿಲ್, ಮೇ ಗಾಳಿಯಾಗ ತೇವನೇ ಇರಂಗಿಲ್ಲ, ಅದಕ್ಕ ಸುಡೂ ಬಿಸಲಾಗ ಗಾಡಿ ನಿಲ್ಲಸಿದ್ರ ಲಗೂ ಒಣಗ್ತದ ಅನ್ನೂ ಲೆಕ್ಕ ತಪ್ಪು. ಎಷ್ಟು ತಾಸಿನ ಮ್ಯಾಲ ಗಾಡಿ ಹೊಡೀಬಹುದು ಅಂತ ಆ ಅಂಟಿನ ಕಂಪನಿಯವ್ರು ಬರದು ಕೊಟ್ಟಿರ್ತಾರ, ಕೆಲವು ಲಗೂ ಹಿಡಿಯೂವು ಒಂದ್ ತಾಸಿನವು ಅದಾವ, ಕೆಲವಕ್ಕ ಆರೆಂಟು ತಾಸು ಬೇಕು. ನಿಮಗ 5,000 ಹೇಳಿದಾಂವ ಖರೇನೇ ಒಂದ್ ತಾಸಿನ ಅಂಟು ಹಾಕ್ತಿರಬಹುದು, ನಾ ಅವನ ಬಗ್ಗೆ ಕೆಟ್ಟದ್ದು ಹೇಳಂಗಿಲ್ಲ. ಆದ್ರ ಪೊಟ್ಟಣ ತೋರಸು ಅನ್ರಿ. ಅದರ ಮ್ಯಾಲ ಪಿಯು ವಿಂಡ್‌ಸ್ಕ್ರೀನ್ ಅಂಟು ಅಂತ ಇರಬೇಕು, ಎಕ್ಸ್‌ಪೈರಿ ತಾರೀಖು ನೋಡ್ರಿ, ಪ್ರೈಮರ್ ಬಾಟ್ಲಿ ಪಕ್ಕದಾಗ ಇರಬೇಕು. ತೋರಸಾಕ ಹಿಂದಮುಂದ ನೋಡಿದ್ರ ಎದ್ದು ಬರ್ರಿ. ನಾ ಆದ್ರ ನಿಮ್ ಗಾಡಿ ಒಂದು ರಾತ್ರಿ ಇಟ್ಕೊಂಡು ಮರದಿನ ಕೊಡ್ತೀನಿ.

"ಕಂಪನಿ ಫಿಟಿಂಗ್ ಒಮ್ಮಿ ಬಿಚ್ಚಿದ್ರ ಹಂಗ ಕೂಡಂಗಿಲ್ಲ" ಅನ್ನೂದು ಎಲ್ಲಿಂದ ಬಂತು ಅಂದ್ರ ಇಂಥ ಸಿಲಿಕಾನ್ ಕೆಲಸ ನೋಡಿ ನೋಡಿ ಮಂದಿ ಹೇಳಿದ್ದು. ಪ್ರೈಮರ್, ಪಿಯು, ಕಾಯೂ ತಾಸು ಮೂರೂ ಸರಿ ಇದ್ರ ಫ್ಯಾಕ್ಟರಿ ಕೂಡಸಿದಷ್ಟೇ ಗಟ್ಟಿ ಕೂಡ್ತದ.

ಇನ್ನ 11,000ದ್ದೋ 5,000ದ್ದೋ. ಕಾಚಿನ ಮೂಲಿಯಾಗ ಮುದ್ರಿ ಇರ್ತದ, ಬಾಗಿ ಓದ್ರಿ. ಐಎಸ್‌ಐ ಗುರುತು, ಐಎಸ್ 2553 ಅಂತ ನಂಬರ್, ಲ್ಯಾಮಿನೇಟೆಡ್ ಅಂತ ಬರದಿರಬೇಕು, ಜತಿಗೆ ತಯಾರಿಸಿದವರ ಹೆಸರು. ನಿಮ್ ಗಾಡಿ ಬಾಗಲ ಕಾಚಿನ ಮ್ಯಾಲಿನ ಹೆಸರೂ ನೋಡ್ರಿ, ನಮ್ ದೇಶದ ಕಾರ್ ಕಂಪನಿಗಳಿಗೆ ಕಾಚು ಕೊಡೂವ್ರಾಗ ಅಸಾಹಿ ಇಂಡಿಯಾ, ಸೇಂಟ್ ಗೋಬೇನ್ ದೊಡ್ಡವ್ರು, ಅವ್ರದೇ ಕಾಚು ಹೊರಗಿನ ಅಂಗಡ್ಯಾಗೂ ಸಿಗ್ತದ, ಕಾರ್ ಕಂಪನಿ ಲೋಗೋ ಇರಂಗಿಲ್ಲ, ಹಿಂಗಾಗಿ ರೇಟ್ ಕಮ್ಮಿ. ಆ 5,000ದ್ದು ಇಂಥದ್ದೇ ಇದ್ರ ಕಣ್ಣು ಮುಚ್ಚಿ ತಗೊಳ್ರಿ. ಹೆಸರಿಲ್ಲದ್ದು, ಮುದ್ರಿ ಅಳಿಸಿದ್ದು ಇದ್ರ ಪುಕ್ಕಟ ಕೊಟ್ರೂ ಬ್ಯಾಡ. ಕೂಡಸೂದಕಿಂತ ಮೊದಲು ಕಾಚು ಓರಿ ಹಿಡಸಿ ಅದರೊಳಗಿಂದ ದೂರದ ಲೈಟ್ ಕಂಬ ನೋಡ್ರಿ, ಕಾಚು ಸರಸಿದಂಗ ಕಂಬ ಹಾವಿನ ಹಂಗ ಬಳಕಿದ್ರ ಅದು ಛಲೋ ಕಾಚಲ್ಲ, ದಿನಾ ನೂರು ಕಿಲೋಮೀಟರಿನ ಮ್ಯಾಲ ಹೊಡಿಯೂ ನಿಮಗ ಸಂಜಿಗೆ ತಲಿನೋವು ಬರ್ತದ.

ಕನ್ನಡಿ ಹಿಂದ ಕಾಚಿಗೆ ಕ್ಯಾಮೆರಾ ಇರೂ ಗಾಡಿ ಆದ್ರ, ಅಂದ್ರ ತಾನ ಬ್ರೇಕ್ ಹಾಕೂದು, ಲೇನ್ ತಪ್ಪಿದ್ರ ಹೇಳೂದು ಇರ್ತದಲ್ಲ, ಅಂಥವಕ್ಕ ಶೋರೂಮೇ ಸರಿ. ಕಾಚು ಬದಲಿ ಆದ ಮ್ಯಾಲ ಆ ಕ್ಯಾಮೆರಾ ಮತ್ತ ಕ್ಯಾಲಿಬ್ರೇಟ್ ಮಾಡ್ಬೇಕು, ಅಂದ್ರ ಅದರ ನೋಟ ಸರಿ ಹೊಂದಸ್ಬೇಕು, ಒಂದೆಳಿ ಓರಿ ಆದ್ರೂ ಎದರಿನ ಗಾಡಿಯ ದೂರ ತಪ್ಪು ಅಳೀತದ.

ಇನ್ಶೂರೆನ್ಸ್ ಲೆಕ್ಕ ನೀವೇ ಮಾಸ್ತರು, ಕೂಡಸಿ ನೋಡ್ರಿ. ಪೂರ್ತಿ ಪಾಲಿಸಿ ಇದ್ರ ಕಾಚಿಗೆ ಸವಕಳಿ, ಅಂದ್ರ ಹಳೇದಾಗಿದ್ದಕ್ಕ ಬೆಲಿ ಇಳಸೂದು, ಕಡಿಯಂಗಿಲ್ಲ, ಪ್ಲಾಸ್ಟಿಕ್ ರಬ್ಬರ್‌ಗೆ 50% ಕಡೀತಾರ, ಕಾಚಿಗೆ ಸೊನ್ನಿ. 1500 ಸಿಸಿ ಒಳಗಿನ ಗಾಡಿ ಅಂದ್ರ ಕಡ್ಡಾಯವಾಗಿ ನಿಮ್ ಕಿಸೆಯಿಂದ ಹೋಗೂದು 1,000 ರೂಪಾಯಿ, ಅದಕ್ಕೂ ದೊಡ್ಡ ಇಂಜಿನ್ ಇದ್ರ 2,000. ಅಂದ್ರ 11,000ದ ಬಿಲ್ಲಿಗೆ ಇನ್ಶೂರೆನ್ಸ್ ಕಂಪನಿಯಿಂದ 10,000ದ ಹತ್ತಿರ ಬರ್ತದ. ನೋಡಾಕ ಲಾಭ. ಆದ್ರ ಕ್ಲೇಮ್ ಹಾಕಿದ್ರ ನಿಮ್ ನೋ ಕ್ಲೇಮ್ ಬೋನಸ್, ಅಂದ್ರ ಕ್ಲೇಮ್ ಹಾಕದ್ದಕ್ಕ ಪ್ರೀಮಿಯಂನಾಗ ಸಿಗೂ ರಿಯಾಯ್ತಿ, ಸೊನ್ನಿಗೆ ಇಳೀತದ. ಹಾಕ್ಲಿಲ್ಲ ಅಂದ್ರ ಎರಡು ತಿಂಗಳಿಗೆ 35 ಹೋಗಿ 45 ಆಗ್ತದ, ಮುಂದಿನ ವರ್ಷ 50, ಆಮ್ಯಾಲ ಅಲ್ಲೇ ನಿಂದರ್ತದ. ಹಾಕಿದ್ರ 0, ಆಮ್ಯಾಲ 20, 25, 35, 45 ಹಿಂಗ ಮತ್ತ ಮೊದಲಿಂದ ಹತ್ತಬೇಕು. ಐದು ವರ್ಷದ ವ್ಯತ್ಯಾಸ ಕೂಡಸ್ರಿ, 45, 30, 25, 15, 5, ಒಟ್ಟು 120%. ಈ ಬೋನಸ್ ಥರ್ಡ್ ಪಾರ್ಟಿಗೆ ಹತ್ತಂಗಿಲ್ಲ, ನಿಮ್ ಗಾಡಿಯ ಸ್ವಂತ ಹಾನಿ ಪ್ರೀಮಿಯಂಗೆ ಮಾತ್ರ. ಅದು ವರ್ಷಕ್ಕ 8,000 ಅಂತ ಇಟ್ರ ಐದು ವರ್ಷಕ್ಕ 9,600 ಹೋಗ್ತದ. 4,000 ಇದ್ರ 4,800. ಗಾಡಿ ಹಳೇದಾದಂಗ ಪ್ರೀಮಿಯಂ ಇಳೀತದ, ಹಿಂಗಾಗಿ ಖರೆ ಅಂಕಿ ಇದಕ್ಕೂ ಸ್ವಲ್ಪ ಕಮ್ಮಿ ಬರ್ತದ. 5,000ದ ಕಾಚು ಆದ್ರ ಕಿಸೆಯಿಂದ ಕೊಟ್ಟು ಬೋನಸ್ ಉಳಸೂದೇ ಛಲೋ ಅಂತ ನನಗ ಅನಸ್ತದ. ಆದ್ರ ಕೆಲವು ಪಾಲಿಸಿಗೆ ಬೋನಸ್ ರಕ್ಷಣೆ ಅಂತ ಆಡ್-ಆನ್ ಇರ್ತದ, ಕೆಲವದ್ರಾಗ ಬರೇ ಕಾಚಿನ ಕ್ಲೇಮ್ ಬೋನಸ್‌ಗೆ ಹಿಡಿಯಂಗಿಲ್ಲ. ನಿಮ್ದು ಅಂಥದ್ದಿದ್ರ ಎರಡನೇ ಮಾತಿಲ್ಲ, ಕ್ಲೇಮ್ ಹಾಕ್ರಿ. ಏಜೆಂಟ್ ಬಾಯಿಮಾತು ನಂಬಬ್ಯಾಡ್ರಿ, ಪಾಲಿಸಿ ಹಾಳಿ ಓದ್ರಿ ಇಲ್ಲಾ ಮೇಲ್ ಹಾಕಿ ಉತ್ತರ ತರಸಗೊಳ್ರಿ. ಮತ್ತ ಕ್ಲೇಮ್ ಹಾಕೂದೇ ಆದ್ರ ಕಾಚು ಬಿಚ್ಚೂದಕಿಂತ ಮೊದಲು ಅವರಿಗೆ ತಿಳಸ್ರಿ, ಸರ್ವೇಯರ್ ನೋಡೂದಕಿಂತ ಮೊದಲು ಬಿಚ್ಚಿದ್ರ ರೊಕ್ಕ ಬರೂದು ಕಷ್ಟ.

ಫಾಸ್ಟ್ಯಾಗ್ ಮರೀಬ್ಯಾಡ್ರಿ, ಹಳೇ ಕಾಚಿನಿಂದ ಕಿತ್ತು ಹೊಸದಕ್ಕ ಹಚ್ಚಾಕ ಬರಂಗಿಲ್ಲ, ಕಿತ್ತಿದ್ರ ಒಳಗಿನ ತಂತು ಹರದು ಕೆಲಸ ಬಿಡ್ತದ, ಕೊಟ್ಟ ಬ್ಯಾಂಕಿಗೆ ಹೇಳಿ ಬದಲಿ ಟ್ಯಾಗ್ ತರಸಗೊಳ್ರಿ. ವೈಪರ್ ರಬ್ಬರೂ ಅವತ್ತೇ ಹೊಸದು ಹಾಕ್ಸ್ರಿ, ಹಳೇದರಾಗ ಹೊಕ್ಕ ಉಸುಕು ಹೊಸಾ ಕಾಚಿಗೆ ಮೊದಲನೇ ಮಳಿಯಾಗೇ ಗೀರು ಹಾಕ್ತದ.

ಕಾಚು ಕೂಡಸಿದ ಮ್ಯಾಲ ಎರಡು ದಿನ ಒಂದು ಬಾಗಲ ಕಾಚು ಬೆರಳಷ್ಟು ಇಳಿಸಿ ಇಡ್ರಿ. ಎಲ್ಲಾ ಮುಚ್ಚಿ ಬಾಗಲ ಧಡ್ ಅಂತ ಹಾಕಿದ್ರ ಒಳಗಿನ ಗಾಳಿ ಹಸಿ ಅಂಟನ್ನ ಹೊರಗ ದಬ್ಬತದ. ಟೇಪ್ ಹಚ್ಚಿದ್ರ ಒಂದು ದಿನ ತಗಿಯಬ್ಯಾಡ್ರಿ. ಪ್ರೆಶರ್ ವಾಶ್ ಒಂದು ವಾರ ಬ್ಯಾಡ.

ಹಾಕ್ಸೂ ತನಕ, ಅಂದ್ರ ಈ ವಾರ, ಗಾಡಿ ಬ್ಯಾವಿನ ಗಿಡದ ನೆರಳಿಗೆ ಇಡ್ರಿ. ಚಾಲೂ ಮಾಡಿದ ಕೂಡ್ಲೇ ಎಸಿ ಬ್ಯಾಡ, ಕಾಚು ಇಳಸಿ ಬಿಸಿ ಗಾಳಿ ಹೊರಗ ಹೋಗ್ಲಿ, ಆಮ್ಯಾಲ ಗಾಳಿ ಮಾರಿಗೆ ಇಲ್ಲಾ ಕಾಲಿಗೆ ತಿರುಗಿಸಿ ನಿಧಾನ ಏರಸ್ರಿ. ಗೆರಿ ಅಂಚಿಗೆ ಮುಟ್ಟಿದ್ರ ಅಥವಾ ಡ್ರೈವರ್ ಕಡಿ ತಿರುಗಿದ್ರ ಸೇಡಂ ಬಸ್ಸಿಗೆ ಹೋಗ್ರಿ, ಗಾಡಿ ಮನ್ಯಾಗ ಬಿಡ್ರಿ.

ಇನ್ನ ಮುಂದ, ಈ ಸೇಡಂ, ಶಹಾಬಾದ್, ವಾಡಿ ರೋಡಿನಾಗ ಸಿಮೆಂಟ್ ಲಾರಿ, ಪರಸಿ ಕಲ್ಲಿನ ಲಾರಿ ತಪ್ಪಂಗಿಲ್ಲ. ಹಿಂದಿನ ಜೋಡಿ ಟಾಯರ್ ನಡುವ ಖಡಿ ಸಿಕ್ಕೊಂಡಿರ್ತದ, ವೇಗ ಬಂದಂಗ ಸಿಡೀತದ. ಓವರ್‌ಟೇಕ್ ಮಾಡೂದಿದ್ರ ಲಗೂ ದಾಟ್ರಿ, ಇಲ್ಲಾಂದ್ರ ಭಾಳ ಹಿಂದ ಉಳೀರಿ, ಲಾರಿ ಹಿಂದ ನಾಕು ಮಾರು ದೂರದಾಗ ಕಿಲೋಮೀಟರ್‌ಗಟ್ಟಲೆ ಹೋಗೂದಕಿಂತ ಕೆಟ್ಟ ಜಾಗ ಇಲ್ಲ. ಡ್ಯಾಶ್‌ಬೋರ್ಡ್ ಖಾನ್ಯಾಗ ಒಂದು ಸೆಲ್ಲೋ ಟೇಪ್ ಇಟ್ಕೊಳ್ರಿ. ಖಡಿ ಬಡದ್ರ ಬಾಜೂಕ ನಿಂತು ಚುಕ್ಕಿ ಮ್ಯಾಲ ಒಂದು ತುಂಡು ಹಚ್ಚಿಬಿಡ್ರಿ, ಬೆರಳಿನಿಂದ ತಿಕ್ಕಬ್ಯಾಡ್ರಿ, ನೀರು ಹಾಕಬ್ಯಾಡ್ರಿ. ಧೂಳು, ತೇವ ಒಳಗ ಹೋಗ್ಲಿಲ್ಲ ಅಂದ್ರ ಎರಡು ಮೂರು ದಿನ ಬಿಟ್ಟು ಬಂದ್ರೂ ರೆಸಿನ್ ತುದೀತನಕ ಹೋಗ್ತದ.

ಹೊಸಾ ಕಾಚು ಹಾಕ್ಸಿ ಮೊದಲನೇ ದೊಡ್ಡ ಮಳಿ ಬಿದ್ದ ಮರದಿನ ಮುಂದಿನ ಎರಡೂ ಸೀಟಿನ ಕಾಲ್ ಕೆಳಗಿನ ಮ್ಯಾಟ್ ಎತ್ತಿ ಕಾರ್ಪೆಟ್ ಮ್ಯಾಲ ಕೈ ಆಡಸ್ರಿ. ಒಣಾ ಇತ್ತು ಅಂದ್ರ ಕೆಲಸ ಸರಿ ಆಗ್ಯದ. ಹಸಿ ಹತ್ತಿದ್ರ ಅವತ್ತೇ ಗಾಡಿ ವಾಪಸ್ ಒಯ್ದು ಅವರ ಮುಂದ ನಿಲ್ಲಸ್ರಿ.